ಮೆರವಣಿಗೆಯ ಡಿಜೆ ಕೇಳಿ ಬೆಳೆದವರು ತಾವೇ ಡಿಜೆ, ಪ್ರೊಡ್ಯೂಸರ್ ಆಗುವ ಬಗೆ

ಗಣಪತಿ ಬಿಡುವ ದಿನ ಬೇಸ್ ಬಾಕ್ಸಿನ ಮುಂದಿನಿಂದ ಕದಲದ ಹುಡುಗ, ಮೊಬೈಲಿನಲ್ಲಿ ಒಂದೇ ಟ್ರ್ಯಾಕನ್ನು ನೂರಾರು ಸಲ ಹಚ್ಚಿ ಕೇಳುವ ಹುಡುಗಿ, ಇಬ್ಬರಿಗೂ ಅರ್ಧ ವಿದ್ಯೆ ಆಗಲೇ ಬಂದಿರುತ್ತದೆ. ಡ್ರಾಪ್ (ತಡೆದಿಟ್ಟ ಬೀಟು-ಬೇಸ್ ಒಮ್ಮೆಲೇ ಬರುವ ಗಳಿಗೆ) ಯಾವಾಗ ಬೀಳುತ್ತದೆ, ಅದಕ್ಕೆ ಮುಂಚೆ ಕಿಕ್ (ತಳದ ಡ್ರಮ್ಮಿನ ಏಟು) ಯಾವಾಗ ನಿಲ್ಲುತ್ತದೆ ಎಂಬುದು ಅವರ ಮೈಗೇ ಗೊತ್ತು. ಗೊತ್ತಿಲ್ಲದ್ದು ಅದರ ಲೆಕ್ಕ. ಆ ಲೆಕ್ಕ ಕಲಿತರೆ ಉಳಿದದ್ದು ಅಭ್ಯಾಸದ ಮಾತು.

ಆದ್ದರಿಂದ ಸಾಮಾನು ಕೊಳ್ಳುವುದರಿಂದ ಶುರು ಮಾಡಬೇಡಿ. ನಿಮಗೆ ತೀರ ಇಷ್ಟವಾದ ಒಂದು ಟ್ರ್ಯಾಕ್ ಆರಿಸಿಕೊಳ್ಳಿ. ಮೊದಲು ಅದನ್ನು ಎಣಿಸಿ, ಆಮೇಲೆ ಬೇರೊಂದು ಟ್ರ್ಯಾಕಿಗೆ ಕೂಡಿಸಿ, ಆಮೇಲೆ ಬಿಚ್ಚಿ ಮರಳಿ ಕಟ್ಟಿ, ಕೊನೆಗೆ ನೀವು ಮಾಡಿದ್ದನ್ನು ಅದರ ಪಕ್ಕಕ್ಕಿಟ್ಟು ಕೇಳಿ. ಡಿಜೆಯ ಕೆಲಸ ಹಾಡು ಆರಿಸಿ ಒಂದಕ್ಕೊಂದು ಕೂಡಿಸುವುದು. ಪ್ರೊಡ್ಯೂಸರ್ ಕೆಲಸ ಹಾಡನ್ನೇ ಮಾಡುವುದು. ಎರಡನ್ನೂ ಕಲಿಯುವ ಆಸೆಯಿದ್ದರೆ ಮೊದಲು ಆರು ತಿಂಗಳು ಡಿಜೆಯ ಅಭ್ಯಾಸ ಮಾಡಿ. ಹತ್ತಾರು ಟ್ರ್ಯಾಕುಗಳ ಶುರು, ಕೊನೆ, ಬೇಸ್ ಬರುವ ಜಾಗ ಕೈಗೆ ಹತ್ತಿದವರಿಗೆ ತಮ್ಮ ಹಾಡಿನ ಜೋಡಣೆ ಹೇಗಿರಬೇಕೆಂದು ಹೊಸದಾಗಿ ಹೇಳಿಕೊಡಬೇಕಾಗುವುದಿಲ್ಲ.

ಎಣಿಕೆ

ಹೌಸ್, ಟೆಕ್ನೊ, ಟ್ರಾನ್ಸ್ ಎಂಬ ಕುಣಿತದ ಸಂಗೀತದ ಬಗೆಗಳ ಹೆಚ್ಚಿನ ಟ್ರ್ಯಾಕುಗಳು ನಾಲ್ಕು ಬೀಟಿನ ಬಾರಿನಲ್ಲಿ ನಡೆಯುತ್ತವೆ. ಹೌಸ್ ನಿಮಿಷಕ್ಕೆ 120ರಿಂದ 128 ಬೀಟ್, ಟ್ರಾನ್ಸ್ 130ರಿಂದ 140ರ ಆಸುಪಾಸು, ಡ್ರಮ್ ಆ್ಯಂಡ್ ಬೇಸ್ 170ರಿಂದ 175. ಎಂಟು ಬಾರ್, ಅಂದರೆ 32 ಬೀಟ್, ಒಂದು ಸುತ್ತು. ಹೊಸ ವಾದ್ಯ ಸೇರುವುದು, ಹಳೆಯದು ಬಿಡುವುದು ಹೆಚ್ಚಾಗಿ ಈ ಸುತ್ತಿನ ತಲೆಯಲ್ಲೇ. ತಬಲಾ ಕಲಿತ ಮಕ್ಕಳಿಗೆ ಇದು ಸಲೀಸು: ತೀನ್‌ತಾಲದ ಎರಡು ಆವರ್ತನ ಸೇರಿದರೆ ಬರೋಬ್ಬರಿ 32 ಮಾತ್ರೆ. ಸಮ್‌ಗೆ ಬರುವುದು ರೂಢಿಯಾದವರು ಡ್ರಾಪ್ ತಪ್ಪುವುದಿಲ್ಲ.

128 ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ 128 ಬೀಟ್ ವೇಗದಲ್ಲಿ, ಒಂದು ಬೀಟಿಗೆ 469 ಮಿಲಿಸೆಕೆಂಡ್, ಎಂಟು ಬಾರ್‌ಗೆ 15 ಸೆಕೆಂಡ್, 32 ಬಾರ್‌ಗೆ ಸರಿಯಾಗಿ ಒಂದು ನಿಮಿಷ. ಗಡಿಯಾರ ನೋಡಿಯೇ ಸುತ್ತು ಹಿಡಿಯಬಹುದಾದ್ದರಿಂದ ಕಲಿಯುವುದಕ್ಕೆ ಈ ವೇಗ ಒಳ್ಳೆಯದು.

ಒಂದು ಚೌಕುಳಿ ಹಾಳೆ ತೆಗೆದುಕೊಳ್ಳಿ. ಒಂದು ಚೌಕ ಅಂದರೆ ಒಂದು ಬಾರ್, ಸಾಲಿಗೆ ಎಂಟು ಚೌಕ. ಟ್ರ್ಯಾಕ್ ಹಚ್ಚಿ, ಪ್ರತಿ ಸಾಲಿನ ತಲೆಗೆ ಏನು ಬಂತು, ಏನು ಹೋಯಿತು ಬರೆಯಿರಿ. 1ನೇ ಬಾರ್‌ಗೆ ಕಿಕ್ ಮಾತ್ರ, 17ಕ್ಕೆ ಹ್ಯಾಟ್ (ತಾಳದ ತಟ್ಟೆಯ ‘ಚಿಕ್’), 33ಕ್ಕೆ ಬೇಸ್, 65ಕ್ಕೆ ಕಿಕ್ ನಿಂತು ಬ್ರೇಕ್‌ಡೌನ್, 81ಕ್ಕೆ ಏರಿಕೆ, 97ಕ್ಕೆ ಡ್ರಾಪ್, ಹೀಗೆ ಏನೋ ಒಂದು ನಕ್ಷೆ ಬರುತ್ತದೆ. ಈ ಹಾಳೆ ಬಿಸಾಡಬೇಡಿ, ಮುಂದೆ ಬೇಕು. ಹತ್ತು ಟ್ರ್ಯಾಕಿಗೆ ಹೀಗೆ ಹಾಳೆ ಮಾಡಿದ ಮೇಲೆ ನಿಮ್ಮ ಕಿವಿ ಮೊದಲಿನಂತಿರುವುದಿಲ್ಲ.

ಎಂಟು-ಹತ್ತು ವರ್ಷದ ಮಕ್ಕಳಿಗೆ ಇಷ್ಟೇ ಸಾಕು. ಜೊತೆಗೆ ತಬಲಾ ಅಥವಾ ಹಾರ್ಮೋನಿಯಂ ಕಲಿಸಿ. ಧಾರವಾಡ, ಹುಬ್ಬಳ್ಳಿ, ಗದಗಿನಲ್ಲಿ ಗುರುಗಳಿಗೆ ಬರವಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಂತೂ ಸಂಗೀತವೇ ಶಿಕ್ಷಣ. ಕಂಪ್ಯೂಟರಿನ ಸಂಗೀತಕ್ಕೆ ಇದೆಲ್ಲ ಯಾಕೆ ಎಂದು ಕೇಳುವ ಪಾಲಕರಿದ್ದಾರೆ. ಶ್ರುತಿ ತಪ್ಪಿದ್ದನ್ನೂ ಲಯ ಜಾರಿದ್ದನ್ನೂ ಗುರುತಿಸುವ ಕಿವಿಯನ್ನು ಯಾವ ಸಾಫ್ಟ್‌ವೇರೂ ಕೊಡುವುದಿಲ್ಲ, ಅದಕ್ಕೆ.

ಡೆಕ್ಕಿನ ಮುಂದೆ

ಶುರುವಿಗೆ ಮಿಕ್ಸ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಹೆಸರಿನಲ್ಲಿ ಎಕ್ಸ್ ಅಕ್ಷರ ಮೂರು ಸಲ ಬರುತ್ತದೆ, ಹುಡುಕುವಾಗ ನೆನಪಿಡಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಕೀಬೋರ್ಡಿನಿಂದಲೇ ಓಡಿಸಬಹುದು. ಒಂದು ತೊಡಕಿದೆ. ಡಿಜೆಗೆ ಎರಡು ಔಟ್‌ಪುಟ್ ಬೇಕು: ಒಂದು ಮಂದಿಗೆ ಕೇಳುವುದು, ಇನ್ನೊಂದು ಹೆಡ್‌ಫೋನಿಗೆ. ಲ್ಯಾಪ್‌ಟಾಪಿನಲ್ಲಿ ಇರುವುದು ಒಂದೇ. ಚಿಕ್ಕ ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿ ಹೆಡ್‌ಫೋನಿಗೆ ಅದನ್ನು, ಸ್ಪೀಕರಿಗೆ ಲ್ಯಾಪ್‌ಟಾಪಿನ ಜ್ಯಾಕನ್ನು ಹೊಂದಿಸಿಕೊಂಡರೆ ಕೆಲಸ ನಡೆಯುತ್ತದೆ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡ. ಅದರ ಧ್ವನಿ ತಡವಾಗಿ ಬರುವುದರಿಂದ ಬೀಟ್ ಕೂಡಿಸಲಾಗುವುದಿಲ್ಲ.

ಎರಡು-ಮೂರು ತಿಂಗಳಾದ ಮೇಲೂ ಆಸೆ ಉಳಿದಿದ್ದರೆ ಕಂಟ್ರೋಲರ್ (ಚಕ್ರ, ಗುಂಡಿಗಳಿಂದ ಸಾಫ್ಟ್‌ವೇರ್ ಓಡಿಸುವ ಪೆಟ್ಟಿಗೆ) ತೆಗೆದುಕೊಳ್ಳಿ. ಪಯೋನಿಯರ್ ಡಿಡಿಜೆ-ಎಫ್‌ಎಲ್‌ಎಕ್ಸ್4, ಹರ್ಕ್ಯುಲಿಸ್ ಇನ್‌ಪಲ್ಸ್ ಸರಣಿ ಕಲಿಯುವವರಿಗೆಂದೇ ಮಾಡಿದವು. ಎಫ್‌ಎಲ್‌ಎಕ್ಸ್4 ಜೊತೆ ರೆಕಾರ್ಡ್‌ಬಾಕ್ಸ್, ಸೆರಾಟೊ ಲೈಟ್ ಎಂಬ ಡಿಜೆ ಸಾಫ್ಟ್‌ವೇರುಗಳೆರಡೂ ಬೇರೆ ದುಡ್ಡಿಲ್ಲದೆ ನಡೆಯುತ್ತವೆ. ಅದರ ಹಿಂದಿನ ಡಿಡಿಜೆ-400 ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕರೆ ಅಡ್ಡಿಯಿಲ್ಲ. ಹಳೆಯದು ಕೊಳ್ಳುವಾಗ ಹಾಡು ಹಚ್ಚಿಟ್ಟು ಪ್ರತಿ ಫೇಡರನ್ನೂ (ಜಾರುಗುಂಡಿ) ನಿಧಾನ ಮೇಲೆ-ಕೆಳಗೆ ಎಳೆಯಿರಿ: ಕರಕರ ಸದ್ದು ಬಂದರೆ ಒಳಗೆ ಧೂಳು ಕೂತಿದೆ ಅಥವಾ ಫೇಡರಿನ ಒಳಪಟ್ಟಿ ಸವೆದಿದೆ. ವೇಗ ಬದಲಿಸುವ ಟೆಂಪೊ ಫೇಡರನ್ನು ನಡುವೆ ಬಿಟ್ಟಾಗ ಪರದೆಯ ಮೇಲೆ ಸೊನ್ನೆ ನಿಲ್ಲಬೇಕು. ಯುಎಸ್‌ಬಿ ವೈರನ್ನು ಮೆಲ್ಲಗೆ ಅಲ್ಲಾಡಿಸಿ, ಸಂಪರ್ಕ ಕಡಿದರೆ ಬಿಟ್ಟುಬಿಡಿ.

ಹಾಡುಗಳ ವಿಷಯದಲ್ಲಿ ನಮ್ಮ ಕಡೆ ಎಲ್ಲರೂ ಎಡವುವ ಜಾಗ ಒಂದಿದೆ. ಯೂಟ್ಯೂಬಿನಿಂದ ಇಳಿಸಿದ ಹಾಡು ಮೊಬೈಲಿನಲ್ಲಿ ಚೆನ್ನಾಗಿಯೇ ಕೇಳುತ್ತದೆ. ಆದರೆ ಅದರಲ್ಲಿ ಹೆಚ್ಚಾಗಿ ಸುಮಾರು 16 ಕಿಲೊಹರ್ಟ್ಸ್ ಮೇಲಿನ ಧ್ವನಿ ಕತ್ತರಿಸಿ ಹೋಗಿರುತ್ತದೆ, ಹ್ಯಾಟು-ಚಪ್ಪಾಳೆ ಸಪ್ಪಗಾಗಿರುತ್ತವೆ. ದೊಡ್ಡ ಸಿಸ್ಟಮ್ಮಿಗೆ ಹಚ್ಚಿದಾಗ, ಪಕ್ಕದ ಸರಿಯಾದ ಫೈಲಿನ ಎದುರು ಅದು ಬತ್ತಿದ ಹಾಗೆ ಕೇಳುತ್ತದೆ. 320 ಕೆಬಿಪಿಎಸ್ ಎಂಪಿ3 ಅಥವಾ ವೇವ್ ಫೈಲ್ ಕೊಳ್ಳಿ. ಬ್ಯಾಂಡ್‌ಕ್ಯಾಂಪ್, ಬೀಟ್‌ಪೋರ್ಟ್‌ಗಳಲ್ಲಿ ಸಿಗುತ್ತವೆ. ಸಾವಿರ ಫೈಲ್ ಗುಡ್ಡೆ ಹಾಕಿಕೊಳ್ಳುವ ಜರೂರು ಇಲ್ಲ. ಒಳಗೂ ಹೊರಗೂ ಗೊತ್ತಿರುವ 20 ಟ್ರ್ಯಾಕ್ ಮೊದಲ ಆರು ತಿಂಗಳಿಗೆ ಸಾಕು.

ಈಗ ಎರಡು ಟ್ರ್ಯಾಕ್ ಕೂಡಿಸುವುದನ್ನು ಹಂತಹಂತವಾಗಿ ನೋಡೋಣ. ಡೆಕ್ ಅಂದರೆ ಒಂದು ಹಾಡು ಓಡಿಸುವ ಭಾಗ. ಎ ಡೆಕ್ಕಿನಲ್ಲಿ 126ರ ಟ್ರ್ಯಾಕ್ ಓಡುತ್ತಿದೆ, ಬಿ ಡೆಕ್ಕಿನಲ್ಲಿ 124ರದ್ದು ಕಾದಿದೆ. ವೇಗವನ್ನು ತಾನೇ ಕೂಡಿಸುವ ಸಿಂಕ್ ಗುಂಡಿ ಬಂದ್ ಇರಲಿ.

1. ಬಿ ಟ್ರ್ಯಾಕನ್ನು ಹೆಡ್‌ಫೋನಿನಲ್ಲಿ ಮಾತ್ರ ಕೇಳಿ. ಗೇನ್ (ಹಾಡಿನ ಜೋರು ಹೊಂದಿಸುವ ನಾಬ್) ತಿರುಗಿಸಿ ಅದರ ಮೀಟರನ್ನು ಎ ಮೀಟರಿನ ಮಟ್ಟಕ್ಕೆ ತನ್ನಿ. ಕೆಂಪು ದೀಪ ಹತ್ತಬಾರದು.

2. ಮೊದಲ ಕಿಕ್ಕಿನ ಮೇಲೆ ಕ್ಯೂ (ಹಾಡು ಶುರುವಾಗಬೇಕಾದ ಜಾಗದ ಗುರುತು) ಇಡಿ. ಟೆಂಪೊ ಫೇಡರ್ 1.6 ಶೇಕಡಾ ಏರಿಸಿದರೆ 124 ಹೋಗಿ 126 ಆಗುತ್ತದೆ.

3. ಬಿ ಚಾನೆಲ್ಲಿನ ಲೋ ನಾಬ್ ಪೂರ್ತಿ ಎಡಕ್ಕೆ ತಿರುಗಿಸಿ, ಅಂದರೆ ಬೇಸ್ ಬಂದ್.

4. ಎ ಟ್ರ್ಯಾಕಿನಲ್ಲಿ ಹೊಸ ಸುತ್ತು ಶುರುವಾಗುವ ಒಂದನೇ ಬೀಟಿಗೆ ಬಿ ಬಿಡಿ. ಒಂದು ಕಿವಿ ಹೆಡ್‌ಫೋನಿಗೆ, ಇನ್ನೊಂದು ಹೊರಗೆ. ಎರಡು ಕಿಕ್ ಸೇರಿ ಒಂದೇ ಏಟು ಕೇಳಿದರೆ ಸರಿ. ‘ಢ-ಢಂ’ ಎಂದು ಜೋಡಿ ಕೇಳಿದರೆ ಯಾವುದೋ ಒಂದು ಮುಂದಿದೆ. ಯಾವುದೆಂದು ತಿಳಿಯದಿದ್ದರೆ ಬಿ ಜಾಗ್ ಚಕ್ರದ ಅಂಚನ್ನು ಸ್ವಲ್ಪ ಹಿಂದಕ್ಕೆ ಒತ್ತಿ ನೋಡಿ. ಸಂದು ಕಿರಿದಾದರೆ ಅದೇ ಮುಂದಿತ್ತು, ಹಿರಿದಾದರೆ ಮುಂದಕ್ಕೆ ದೂಡಿ.

5. ಕೂಡಿದ ಮೇಲೂ ಕಿವಿ ತೆಗೆಯಬೇಡಿ. 0.1 ಬಿಪಿಎಂ ವ್ಯತ್ಯಾಸವಿದ್ದರೂ ಒಂದು ನಿಮಿಷದಲ್ಲಿ ಸುಮಾರು 48 ಮಿಲಿಸೆಕೆಂಡ್ ಸರಿಯುತ್ತದೆ, ಅರ್ಧ ನಿಮಿಷಕ್ಕೇ ಜೋಡಿ ಏಟು ಕೇಳತೊಡಗುತ್ತದೆ. ಪದೇ ಪದೇ ಚಕ್ರ ದೂಡಬೇಕಾಗಿ ಬಂದರೆ ತಪ್ಪು ಟೆಂಪೊ ಫೇಡರಿನಲ್ಲಿದೆ.

6. ಬಿ ಫೇಡರನ್ನು ಎಂಟು ಬಾರಿನ ಉದ್ದಕ್ಕೂ ಏರಿಸಿ. ಮುಂದಿನ ಸುತ್ತಿನ ತಲೆಗೆ ಒಂದೇ ಏಟಿಗೆ ಎ ಬೇಸ್ ಬಂದ್, ಬಿ ಬೇಸ್ ಚಾಲೂ. ಆಮೇಲೆ ಎ ಫೇಡರನ್ನು ಸಾವಕಾಶ ಇಳಿಸಿ.

ಬೇಸ್ ಅದಲುಬದಲಿನ ಈ ಆರನೇ ಹಂತವೇ ಮಿಕ್ಸಿನ ಜೀವ. ಎರಡೂ ಬೇಸ್ ಒಟ್ಟಿಗೆ ಇದ್ದರೆ ಜೋರಾಗುವುದಿಲ್ಲ, ರಾಡಿಯಾಗುತ್ತದೆ. ಅಲೆಗಳು ಎದುರುಬದುರಾದ ಕಡೆ ಒಂದನ್ನೊಂದು ಅಳಿಸಿ ಕಿಕ್ಕೇ ಮಾಯವಾಗುತ್ತದೆ. ಹಾಡುಗಾರಿಕೆಯ ಮೇಲೆ ಹಾಡುಗಾರಿಕೆ ಹಾಕುವುದೂ ಅಷ್ಟೇ ಕೆಟ್ಟದ್ದು. ಸಿಂಕ್ ಬಳಸುವುದು ತಪ್ಪಲ್ಲ, ಆದರೆ ಕಿವಿಯಿಂದ ಕೂಡಿಸಲು ಬಂದ ಮೇಲೆ ಬಳಸಿ. ಸಾಫ್ಟ್‌ವೇರ್ ಹಾಕಿದ ಬೀಟಿನ ಗೆರೆ ತಪ್ಪಿದ ದಿನ ಸಿಂಕ್ ಅದೇ ತಪ್ಪು ಗೆರೆಯನ್ನೇ ನಂಬುತ್ತದೆ.

ಆ ಗೆರೆ ತಪ್ಪುವುದು ನಮ್ಮ ಹಾಡುಗಳಲ್ಲೇ ಹೆಚ್ಚು. ಹಳೆಯ ಸಿನಿಮಾ ಹಾಡು, ಭಜನೆ, ಮೇಳದ ಜಾನಪದ ಮನುಷ್ಯರು ನುಡಿಸಿದವು. ವೇಗ ಮೆಲ್ಲಗೆ ಏರುತ್ತದೆ, ಇಳಿಯುತ್ತದೆ. ದಾದ್ರಾದಂತಹ ಆರು ಮಾತ್ರೆಯ ಹಾಡಾದರೆ ಸಾಫ್ಟ್‌ವೇರ್ ಒಂದೂವರೆ ಪಟ್ಟು ವೇಗ ತೋರಿಸುವುದೂ ಉಂಟು. ಅಂಥದ್ದನ್ನು ಹೌಸ್ ಬೀಟಿನ ಮೇಲೆ ಎಳೆದು ಕೂರಿಸಬೇಡಿ. ಹಾಡಿನ ಕೊನೆಯ ಏಟಿಗೆ ಎಕೋ ಬಿಟ್ಟು, ಅದು ಕರಗುವಾಗ ಮುಂದಿನದನ್ನು ಮೊದಲ ಏಟಿನಿಂದ ಹೊಡೆಯಿರಿ. ಜನರಿಗೆ ಅದೇ ಹಿತ.

ಶ್ರುತಿಯ ಮಾತು. ವೇಗ ಬದಲಾದರೂ ಶ್ರುತಿ ಹಿಡಿದಿಡುವ ಕೀ ಲಾಕ್ ಇಲ್ಲದೆ ವೇಗವನ್ನು ಸುಮಾರು 6 ಶೇಕಡಾ ಬದಲಿಸಿದರೆ ಶ್ರುತಿ ಅರ್ಧ ಸ್ವರ ಸರಿಯುತ್ತದೆ. ಸಾಫ್ಟ್‌ವೇರಿನಲ್ಲಿ ಕ್ಯಾಮೆಲಾಟ್ ಅಂಕಿ (ಶ್ರುತಿಗಳಿಗೆ ಕೊಟ್ಟ ಗುರುತು) ಹಚ್ಚಿಕೊಂಡರೆ 8ಎ ಟ್ರ್ಯಾಕಿಗೆ 7ಎ, 9ಎ, 8ಬಿ ಹೊಂದುತ್ತವೆ. 8ಎ ಎಂದರೆ ಎ ಮೈನರ್. ಜಾನಪದ ಹಾಡುಗಾರರು ಹಾರ್ಮೋನಿಯಂ ಲೆಕ್ಕದಲ್ಲಿ ಹೇಳುತ್ತಾರೆ: ಕಪ್ಪು ಒಂದು ಎಂದರೆ ಸಿ ಶಾರ್ಪ್, ಬಿಳಿ ನಾಲ್ಕು ಎಂದರೆ ಎಫ್. ಹಳೆಯ ಪೆಟ್ಟಿಗೆಯ ಶ್ರುತಿ ಕಂಪ್ಯೂಟರಿನ ಶ್ರುತಿಗೆ ಕೂಡುವುದಿಲ್ಲ, ಟ್ಯೂನರ್ ಹಿಡಿದು ನೋಡಿಯೇ ಮುಂದುವರಿಯಿರಿ.

ಹಾಡು ಕಟ್ಟುವುದು

ಸಾಫ್ಟ್‌ವೇರ್ ಯಾವುದಾದರೂ ಒಂದು. ಎಫ್‌ಎಲ್ ಸ್ಟುಡಿಯೊ ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳು ಉಚಿತ; ಕೊಳ್ಳುವ ಮುಂಚೆ ಟ್ರಯಲಿನಲ್ಲಿ ಸೇವ್ ಮಾಡಿದ್ದನ್ನು ಮತ್ತೆ ತೆರೆಯಲಾಗುವುದಿಲ್ಲ, ಆದರೆ ಹಾಡನ್ನು ಫೈಲಾಗಿ ಹೊರತೆಗೆಯಬಹುದು. ಏಬಲ್ಟನ್ ಲೈವ್ ಲೈಟ್ ಅನೇಕ ಕೀಬೋರ್ಡ್, ಸೌಂಡ್ ಕಾರ್ಡ್‌ಗಳ ಜೊತೆ ಬರುತ್ತದೆ. ರೀಪರ್ 60 ದಿನ ಪೂರ್ತಿ ಬಳಸಿ ನೋಡಬಹುದು. ಮೊಬೈಲ್ ಮಾತ್ರ ಇದ್ದರೆ ಬ್ಯಾಂಡ್‌ಲ್ಯಾಬ್. ಕದ್ದ ಸಾಫ್ಟ್‌ವೇರ್ ಬೇಡ. ಅದರ ಜೊತೆ ಬರುವ ವೈರಸ್ಸು ಒಂದೇ ರಾತ್ರಿಗೆ ವರ್ಷದ ಕೆಲಸ ತಿನ್ನಬಲ್ಲದು. ವೈಟಲ್, ಸರ್ಜ್ ಎಕ್ಸ್‌ಟಿ ಎಂಬ ಎರಡು ಸಿಂಥ್ (ಕಂಪ್ಯೂಟರಿನಲ್ಲೇ ಧ್ವನಿ ಹುಟ್ಟಿಸುವ ವಾದ್ಯ) ಉಚಿತವಾಗಿಯೇ ಸಿಗುತ್ತವೆ, ಮೊದಲ ವರ್ಷಕ್ಕೆ ಬೇರೇನೂ ಬೇಡ. ಲ್ಯಾಪ್‌ಟಾಪಿಗೆ 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರಲಿ. ಕೀ ಒತ್ತಿದ ಮೇಲೆ ಧ್ವನಿ ತಡವಾದರೆ ಬಫರ್ (ಕಂಪ್ಯೂಟರು ಒಂದು ಸಲಕ್ಕೆ ಕೂಡಿಸಿಟ್ಟುಕೊಳ್ಳುವ ಧ್ವನಿಯ ಅಳತೆ) 128 ಸ್ಯಾಂಪಲ್ಲಿಗೆ ಇಳಿಸಿ, ತಡ ಸುಮಾರು 3 ಮಿಲಿಸೆಕೆಂಡಿಗೆ ಬರುತ್ತದೆ; ಮಿಕ್ಸ್ ಮಾಡುವಾಗ ಪಟಪಟ ಒಡೆದರೆ 512ಕ್ಕೆ ಏರಿಸಿ.

ನೀವು ಹಾಳೆಯ ಮೇಲೆ ಬಿಡಿಸಿದ ಟ್ರ್ಯಾಕನ್ನು ಈಗ ಒಂದು ಚಾನೆಲ್ಲಿಗೆ ಎಳೆದುಕೊಳ್ಳಿ, ವೇಗ ಹೊಂದಿಸಿ, ಹಾಳೆಯ ಗುರುತುಗಳನ್ನು ಪರದೆಗೆ ಇಳಿಸಿ. ಅದರ ಎಂಟು ಬಾರಿನ ಡ್ರಮ್ಮನ್ನು ಮಾತ್ರ ಹೊಸದಾಗಿ ಕಟ್ಟಿ. ನಾಲ್ಕೂ ಬೀಟಿಗೆ ಕಿಕ್, ಎರಡು-ನಾಲ್ಕಕ್ಕೆ ಚಪ್ಪಾಳೆ, ಬೀಟುಗಳ ನಡುವೆ ಹ್ಯಾಟ್. ಈ ಧ್ವನಿಗಳ ಮೂಲ ರೋಲ್ಯಾಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ಮತ್ತು 1983ರ ಟಿಆರ್-909 ಯಂತ್ರಗಳು. ಚಿಕಾಗೊದ ಹೌಸ್, ಡೆಟ್ರಾಯಿಟಿನ ಟೆಕ್ನೊ ಬೆಳೆದದ್ದು ಇವುಗಳ ಮೇಲೆ.

ಕಿಕ್ಕಿನ ತಳ ಸಾಮಾನ್ಯವಾಗಿ 40ರಿಂದ 60 ಹರ್ಟ್ಸ್ ನಡುವೆ ಇರುತ್ತದೆ. ಹಾಡಿನ ಸಾ ಎಫ್ ಆದರೆ 43.7, ಜಿ ಆದರೆ 49, ಎ ಆದರೆ 55. ಕಿಕ್ಕನ್ನು ಆ ಸ್ವರಕ್ಕೆ ಹೊಂದಿಸಿ. ಕಿಕ್ ಮತ್ತು ಬೇಸ್ ಜಗಳ ಬಿಡಿಸುವುದಕ್ಕೆ ಸೈಡ್‌ಚೈನ್: ಬೇಸ್ ಚಾನೆಲ್ಲಿಗೆ ಕಂಪ್ರೆಸರ್ (ಧ್ವನಿ ತಗ್ಗಿಸುವ ಸಾಧನ) ಹಾಕಿ, ಅದಕ್ಕೆ ಕಿಕ್ಕಿನ ಸಂಜ್ಞೆ ಕೊಡಿ, ಆಗ ಕಿಕ್ ಬಿದ್ದಾಗಲೆಲ್ಲ ಬೇಸ್ ತಗ್ಗುತ್ತದೆ. ರೇಶಿಯೊ (ತಗ್ಗಿಸುವ ಪ್ರಮಾಣ) 4ಕ್ಕೆ 1, ಅಟ್ಯಾಕ್ (ತಗ್ಗಲು ಹಿಡಿಯುವ ಸಮಯ) ಅತಿ ಕಡಿಮೆ, ರಿಲೀಸ್ (ಮತ್ತೆ ಮೇಲೇಳುವ ಸಮಯ) 100ರಿಂದ 150 ಮಿಲಿಸೆಕೆಂಡ್. 128ರ ವೇಗದಲ್ಲಿ ರಿಲೀಸ್ 469 ದಾಟಿದರೆ ಮುಂದಿನ ಕಿಕ್ ಬರುವಷ್ಟರಲ್ಲಿ ಬೇಸ್ ಮೇಲೇಳುವುದೇ ಇಲ್ಲ. ಇನ್ನು ಮೊಬೈಲ್ ಸ್ಪೀಕರು ಕೆಳಗಿನ ಬೇಸ್ ಕೇಳಿಸುವುದಿಲ್ಲ. ಬೇಸಿಗೆ ಸ್ವಲ್ಪ ಸ್ಯಾಚುರೇಶನ್ (ತುಸು ಒಡಕು ದನಿ) ಕೊಟ್ಟರೆ ಅದರ ಮೇಲಿನ ಸ್ವರಾಂಶಗಳು ಏಳುತ್ತವೆ, ಆಗ ಮೊಬೈಲಿನಲ್ಲೂ ಬೇಸ್ ನಡಿಗೆ ತಿಳಿಯುತ್ತದೆ.

ರಾಗದ ಎಳೆ ಬೇಕಿದ್ದರೆ ಪಾಶ್ಚಾತ್ಯ ಕಾರ್ಡ್‌ಗಳ ಹಿಂದೆ ಬೀಳಬೇಡಿ. ಮುಂಬಯಿಯ ವಾದಕ ಚರಣಜಿತ್ ಸಿಂಗ್ 1982ರಲ್ಲೇ ಟಿಆರ್-808, ಟಿಬಿ-303 ಬೇಸ್ ಯಂತ್ರ, ಜ್ಯೂಪಿಟರ್-8 ಸಿಂಥ್ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ನುಡಿಸಿ ಧ್ವನಿಮುದ್ರಿಸಿದ್ದರು. ಟಿಬಿ-303ರ ದನಿಯ ಮೇಲೆ ಬೆಳೆದ ಆಸಿಡ್ ಹೌಸ್ ಎಂಬ ಹೆಸರಿನ್ನೂ ಹುಟ್ಟಿರಲಿಲ್ಲ. ಬೇಸನ್ನು ತಂಬೂರಿಯಂತೆ ಸಾ ಮೇಲೆಯೇ ನಿಲ್ಲಿಸಿ, ಮೇಲೆ ಭೂಪದ ಐದು ಸ್ವರ ಸಾಕು: ಸಾ ರಿ ಗ ಪ ಧ. ಸಿಂಥನ್ನು ಮೋನೊ (ಒಂದು ಸಲಕ್ಕೆ ಒಂದೇ ಸ್ವರ) ಮಾಡಿ, ಲೆಗಾಟೊ (ಸ್ವರ ಸ್ವರಕ್ಕೆ ಅಂಟಿಸುವುದು) ಹಚ್ಚಿ, ಗ್ಲೈಡ್ (ಜಾರುವ ಸಮಯ) 60ರಿಂದ 120 ಮಿಲಿಸೆಕೆಂಡ್ ಇಡಿ. ಸ್ವರಗಳನ್ನು ಒಂದರ ಮೇಲೊಂದು ಸ್ವಲ್ಪ ಹಾಯಿಸಿ ಬರೆದಲ್ಲಿ ಮಾತ್ರ ಮೀಂಡು ಬರುತ್ತದೆ, ಬಿಡಿಸಿ ಬರೆದಲ್ಲಿ ಸ್ವರ ನೇರ ನಿಲ್ಲುತ್ತದೆ. ಎಲ್ಲಿ ಜಾರಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಹೇಳಿಕೊಡಲು ನಮ್ಮ ಕಡೆ ಹಾಡುವವರು ಬೇಕಾದಷ್ಟಿದ್ದಾರೆ.

ಹೊಸಬರ ಕಂಪ್ಯೂಟರುಗಳು ಎಂಟು ಬಾರಿನ ತುಣುಕುಗಳಿಂದ ತುಂಬಿರುತ್ತವೆ. ಒಂದೂ ಪೂರ್ತಿ ಹಾಡಾಗಿರುವುದಿಲ್ಲ. ಈ ರೋಗಕ್ಕೆ ಮದ್ದು ಆ ಚೌಕುಳಿ ಹಾಳೆ. ನಿಮ್ಮ ತುಣುಕನ್ನು ಹಾಡಿನ ಉದ್ದಕ್ಕೂ ನಕಲು ಮಾಡಿ, ಹಾಳೆಯಲ್ಲಿ ಇದ್ದಂತೆ ಎಲ್ಲೆಲ್ಲಿ ಏನಿರಬಾರದೋ ಅಳಿಸುತ್ತ ಬನ್ನಿ. ಸೇರಿಸುವುದಕ್ಕಿಂತ ಅಳಿಸುವುದು ಸುಲಭ, ಒಂದು ಸಂಜೆಯಲ್ಲಿ ಹಾಡಿಗೆ ಎಲುಬು ಬರುತ್ತದೆ. ಕೆಟ್ಟದಾಗಿದ್ದರೂ ತಿಂಗಳಿಗೊಂದು ಮುಗಿಸಿ. ಮುಗಿಸುವುದೂ ಒಂದು ಕಸುಬು, ಮುಗಿಸಿಯೇ ಅದು ಬರಬೇಕು.

ಜಗ್ಗಲಗಿ, ಹಲಗಿಯ ಸ್ಯಾಂಪಲ್

ಜಗತ್ತಿನ ಎಲ್ಲ ಪ್ರೊಡ್ಯೂಸರುಗಳ ಹತ್ತಿರವೂ ಅದೇ 909ರ ಚಪ್ಪಾಳೆ ಇದೆ. ಬಂಡಿಯ ಗಾಲಿಗೆ ಚರ್ಮ ಬಿಗಿದ ಜಗ್ಗಲಗಿ ಹೋಳಿ ದಿನಗಳಲ್ಲಿ ಹುಬ್ಬಳ್ಳಿಯ ಬೀದಿಗೆ ಬರುತ್ತದೆ, ಅದರ ಏಟು ಅವರ ಹತ್ತಿರ ಇಲ್ಲ. ಚೌಡಿಕಿ, ಹಲಗಿ, ಡೊಳ್ಳೂ ಹಾಗೆಯೇ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ಯಾವ ವಾದ್ಯವನ್ನು ಯಾವ ಕುಣಿತಕ್ಕೆ, ಯಾವ ಪದಕ್ಕೆ ಬಾರಿಸುತ್ತಾರೆಂದು ಕೇಳಿ ತಿಳಿಯಲು ಜನ ಸಿಗುತ್ತಾರೆ. ನಿಮ್ಮ ಹಾಡಿಗೆ ನಿಮ್ಮದೇ ದನಿ ಬರುವುದು ಇಲ್ಲಿಂದ.

ಮೆರವಣಿಗೆಯ ನಡುವೆ ಮೊಬೈಲ್ ಹಿಡಿದರೆ ಸಿಗುವುದು ಗದ್ದಲ. ವಾದ್ಯದವರನ್ನು ಬೇರೆ ದಿನ ಕಂಡು, ಅವರ ಅರ್ಧ ದಿನದ ಕೂಲಿ ಮಾತಾಡಿ ಕೊಟ್ಟು, ಹಾಡಿನಲ್ಲಿ ಹೆಸರು ಹಾಕುವುದಾಗಿ ಹೇಳಿ, ಒಪ್ಪಿದರೆ ಮಾತ್ರ ರೆಕಾರ್ಡ್ ಮಾಡಿ. ಜಾಗ ತೆರೆದ ಹೊಲ ಅಥವಾ ದೊಡ್ಡ ಅಂಗಳವಾದರೆ ಗೋಡೆಯ ಪ್ರತಿಧ್ವನಿ ಬರುವುದಿಲ್ಲ. ಗಾಳಿಯಿಲ್ಲದ ಬೆಳಗಿನ ಹೊತ್ತು ಲೇಸು. ಹಲಗಿಯನ್ನು ಬೆಂಕಿಗೆ ಕಾಯಿಸಿದಾಗ ಚರ್ಮ ಬಿಗಿದು ಶ್ರುತಿ ಏರುತ್ತದೆ, ಆರುತ್ತ ಇಳಿಯುತ್ತದೆ. ಕಾಯಿಸಿದ ಕೂಡಲೇ ಒಮ್ಮೆ, ಹತ್ತು ನಿಮಿಷ ಬಿಟ್ಟು ಒಮ್ಮೆ ರೆಕಾರ್ಡ್ ಮಾಡಿದರೆ ಎರಡು ಬೇರೆ ವಾದ್ಯ ಸಿಕ್ಕಂತೆ. ಮೈಕನ್ನು ಹಲಗಿಯಿಂದ ಮೂರಡಿ, ಜಗ್ಗಲಗಿಯಿಂದ ಐದಾರಡಿ ದೂರವಿಡಿ. ಹತ್ತಿರವಿಟ್ಟರೆ ಕೋಲಿನ ‘ಟಕ್’ ಬರುತ್ತದೆ, ಒಡಲಿನ ಗುಂಯ್ ಬರುವುದಿಲ್ಲ. ವೇವ್ ಫಾರ್ಮ್ಯಾಟ್, 24 ಬಿಟ್, ಅತಿ ಜೋರಿನ ಏಟು -12 ಡಿಬಿ ದಾಟದಂತೆ ಗೇನ್. ಮೊಬೈಲಾದರೆ ತಾನೇ ಗೇನ್ ಏರಿಸಿ ಇಳಿಸುವುದನ್ನು ಬಂದ್ ಮಾಡಲು ಬರುವ ಆ್ಯಪ್ ಬಳಸಿ. ಇಲ್ಲವಾದರೆ ಪ್ರತಿ ಏಟಿನ ನಂತರದ ಬಾಲ ಉಬ್ಬಿ ಬರುತ್ತದೆ. ಮೆಲ್ಲಗೆ, ನಡುತರ, ಜೋರು, ಮೂರು ಬಗೆಯಲ್ಲಿ ತಲಾ ಎಂಟು ಬಿಡಿ ಏಟು, ಕೊನೆಗೆ ಎರಡು ನಿಮಿಷ ಅವರ ಮನಸ್ಸಿಗೆ ಬಂದ ಬಾರಿಕೆ.

ಆ ಎರಡು ನಿಮಿಷವೇ ಬಂಗಾರ. ಅವರ ಏಟುಗಳು ಕಂಪ್ಯೂಟರಿನ ಗೆರೆಗೆ ಕೂಡುವುದಿಲ್ಲ; ಕೆಲವು ಸ್ವಲ್ಪ ಮುಂಚೆ, ಕೆಲವು ತಡ. ಕುಣಿಸುವುದು ಅದೇ. ಪೂರ್ತಿ ಕ್ವಾಂಟೈಸ್ ಮಾಡಿದರೆ, ಅಂದರೆ ಏಟುಗಳನ್ನೆಲ್ಲ ಗೆರೆಗೆ ಎಳೆದು ಕೂರಿಸಿದರೆ, ಸತ್ತುಹೋಗುತ್ತದೆ. 50 ಶೇಕಡಾದವರೆಗೆ ಮಾತ್ರ ಎಳೆಯಿರಿ. ಇಲ್ಲವೇ ಏಬಲ್ಟನ್‌ನಲ್ಲಿ ಅದರಿಂದ ಗ್ರೂವ್ (ಏಟುಗಳ ಆ ಹಿಂದುಮುಂದಿನ ನಡೆ) ತೆಗೆದು ನಿಮ್ಮ ಹ್ಯಾಟಿಗೆ ಹಚ್ಚಿ. ಜಗ್ಗಲಗಿಯನ್ನು ಕಿಕ್ ಜೊತೆ ಹಾಕುವಾಗ 100 ಹರ್ಟ್ಸ್ ಕೆಳಗೆ ಕತ್ತರಿಸಿ, ತಳವನ್ನು ಕಿಕ್ಕಿಗೆ ಬಿಡಿ.

ಹತ್ತು ಬೈ ಹನ್ನೆರಡರ ಕೋಣೆ

ಕೋಣೆಯ ಉದ್ದವನ್ನು ಮೀಟರಿನಲ್ಲಿ ಅಳೆದು ಎರಡರಿಂದ ಗುಣಿಸಿ, 343ನ್ನು (ಧ್ವನಿ ಸೆಕೆಂಡಿಗೆ ಸಾಗುವ ಮೀಟರು) ಅದರಿಂದ ಭಾಗಿಸಿ. ಬರುವುದು ಕೋಣೆ ಗುಂಯ್‌ಗುಡುವ ಧ್ವನಿ. 10 ಅಡಿಗೆ 56 ಹರ್ಟ್ಸ್, 12 ಅಡಿಗೆ 47. ಅಂದರೆ ಕಿಕ್ಕಿನ ತಳ ಇರುವ ಜಾಗದಲ್ಲೇ ನಿಮ್ಮ ಕೋಣೆ ಗುಂಯ್‌ಗುಡುತ್ತದೆ: ಗೋಡೆಯ ಹತ್ತಿರ ಬೇಸ್ ಉಬ್ಬುತ್ತದೆ, ನಟ್ಟನಡುವೆ ಕುಳಿತರೆ ಮಾಯ. ನಡುವೆ ಕುಳಿತು ಮಿಕ್ಸ್ ಮಾಡುವವರು ಬೇಸ್ ಸಾಲದೆಂದು ಏರಿಸುತ್ತಾರೆ, ಹೊರಗೆ ಹಚ್ಚಿದಾಗ ಬೇಸ್ ಎಲ್ಲವನ್ನೂ ನುಂಗುತ್ತದೆ. ಸ್ಪೀಕರುಗಳನ್ನು ಕಿರಿಯ ಗೋಡೆಯ ಕಡೆ ಇಟ್ಟು, 12 ಅಡಿಯ ಕೋಣೆಯಲ್ಲಿ ಆ ಗೋಡೆಯಿಂದ ನಾಲ್ಕೂವರೆ ಅಡಿಗೆ ಕುರ್ಚಿ ಹಾಕಿ. ಎರಡು ಸ್ಪೀಕರ್ ಮತ್ತು ತಲೆ, ಮೂರರ ನಡುವಿನ ಅಂತರ ಒಂದೇ ಇರಲಿ. ಹತ್ತಿ ಗಾದಿಗಳನ್ನು ಮೂಲೆಗೆ ನಿಲ್ಲಿಸಿದರೆ ಮೇಲಿನ ಪ್ರತಿಧ್ವನಿ ಕಡಿಮೆಯಾಗುತ್ತದೆ, 50 ಹರ್ಟ್ಸಿಗೆ ಅದು ಸಾಲದು. ಆದ್ದರಿಂದ ಬೇಸಿನ ತೀರ್ಪು ಮುಚ್ಚಿದ ಕಿವಿಯ ಒಳ್ಳೆಯ ಹೆಡ್‌ಫೋನಿನಲ್ಲೂ ಮಾಡಿ.

ಮಾಸ್ಟರ್ ಮೀಟರ್ -6 ಡಿಬಿ ದಾಟದಂತೆ ಮಿಕ್ಸ್ ಮುಗಿಸಿ. ಆಮೇಲೆ ಒಂದು ಗುಂಡಿ ಒತ್ತಿ ಎಲ್ಲವನ್ನೂ ಮೋನೊ ಮಾಡಿ, ಅಂದರೆ ಎಡ-ಬಲ ಎರಡನ್ನೂ ಒಂದಾಗಿಸಿ ಕೇಳಿ. ನಮ್ಮ ಮೆರವಣಿಗೆ, ಸಭಾಭವನಗಳ ಎಷ್ಟೋ ಸಿಸ್ಟಮ್ಮುಗಳು ಮೋನೊದಲ್ಲೇ ಓಡುತ್ತವೆ. ಹೆಡ್‌ಫೋನಿನಲ್ಲಿ ಅಗಲವಾಗಿ ಕೇಳಿದ ಸಿಂಥ್ ಅಲ್ಲಿ ಇಲ್ಲವಾಗಬಹುದು, 120 ಹರ್ಟ್ಸ್ ಕೆಳಗಿನದನ್ನಂತೂ ಮೊದಲೇ ಮೋನೊ ಮಾಡಿಬಿಡಿ. ಧ್ವನಿ ಮಿತಿ ದಾಟದಂತೆ ತಡೆಯುವ ಕೊನೆಯ ಲಿಮಿಟರಿಗೆ ಸೀಲಿಂಗ್ (ಆ ಮಿತಿ) -1 ಡಿಬಿ. ಸ್ಪಾಟಿಫೈ ಜೋರಿನ ಹಾಡನ್ನು ತಾನೇ -14 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಸರಾಸರಿ ಜೋರಿನ ಅಳತೆ) ಇಳಿಸುತ್ತದೆ, ಹಾಗಾಗಿ ಹಿಂಡಿ ಹಿಂಡಿ ಜೋರು ಮಾಡಿದ್ದರಿಂದ ಅಲ್ಲಿ ಲಾಭವಿಲ್ಲ.

ಮೊದಲ ಕಾರ್ಯಕ್ರಮ

ಕಾಲೇಜಿನ ಗ್ಯಾದರಿಂಗ್, ಗೆಳೆಯರ ಹಳದಿ, ಹುಟ್ಟುಹಬ್ಬ, ಶುರು ಇಲ್ಲಿಂದ. ಹಿಂದಿನ ದಿನವೇ ಸೌಂಡಿನವರಿಗೆ ಫೋನ್ ಮಾಡಿ ಮಿಕ್ಸರಿನಲ್ಲಿ ಯಾವ ಜ್ಯಾಕ್ ಖಾಲಿ ಇದೆ ಕೇಳಿ. ಆರ್‌ಸಿಎಯಿಂದ ಜೋಡಿ ಪಿ-38ರ (ಕಾಲಿಂಚಿನ ದಪ್ಪ ಜ್ಯಾಕ್) ಲೀಡ್ ಒಂದು, ಎಕ್ಸ್‌ಎಲ್‌ಆರ್ ಒಂದು ಚೀಲದಲ್ಲಿರಲಿ. ಪೆನ್‌ಡ್ರೈವ್ ಎರಡು, ಎರಡರಲ್ಲೂ ಅದೇ ಹಾಡುಗಳು, ಎಫ್‌ಎಟಿ32ರಲ್ಲಿ ಫಾರ್ಮ್ಯಾಟ್ ಆಗಿರಬೇಕು. ಎನ್‌ಟಿಎಫ್‌ಎಸ್ ಆದರೆ ಪಯೋನಿಯರ್ ಪ್ಲೇಯರು ಓದುವುದಿಲ್ಲ. ಲ್ಯಾಪ್‌ಟಾಪಿನ ವೈಫೈ, ಅಪ್‌ಡೇಟ್, ಸ್ಲೀಪ್ ಎಲ್ಲ ಬಂದ್.

ಹಚ್ಚಿದ ಕೂಡಲೇ ‘ಹುಂ’ ಎಂಬ ಒಂದೇ ಸಮನೆಯ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಿಂತರೆ ಅದು ಅರ್ಥಿಂಗಿನ ಸುತ್ತು (ಗ್ರೌಂಡ್ ಲೂಪ್): ಲ್ಯಾಪ್‌ಟಾಪನ್ನು ಮಿಕ್ಸರ್ ಇರುವ ಬೋರ್ಡಿಗೇ ಹಚ್ಚಿ, ಆಗದಿದ್ದರೆ ನಡುವೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಹಾಕಿ. ಅರ್ಥ್ ಪಿನ್ ಮುರಿದು ಹಚ್ಚುವ ರೂಢಿ ಕೆಲವರಿಗಿದೆ, ಅದು ಜೀವಕ್ಕೆ ಕುತ್ತು, ಯಾರು ಹೇಳಿದರೂ ಮಾಡಬೇಡಿ. ಹಚ್ಚುವಾಗ ಮಿಕ್ಸರ್ ಮೊದಲು, ಆ್ಯಂಪ್ ಕೊನೆಗೆ. ಆರಿಸುವಾಗ ಆ್ಯಂಪ್ ಮೊದಲು. ಹಿಂದೆಮುಂದೆ ಮಾಡಿದರೆ ಬರುವ ‘ಢಬ್’ ಏಟಿಗೆ ಟಾಪ್ ಸ್ಪೀಕರಿನ ಯೂನಿಟ್ ಸುಡಬಹುದು.

ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿ ಅವಕಾಶವಿಲ್ಲ. ಸರ್ಕಾರ ಹಬ್ಬಗಳಿಗೆಂದು ವರ್ಷಕ್ಕೆ ಹೆಚ್ಚೆಂದರೆ 15 ದಿನ 12ರವರೆಗೆ ಸಡಿಲಿಸಬಹುದು. ಹಗಲಾದರೂ ಪೊಲೀಸರ ಲಿಖಿತ ಪರವಾನಗಿ ಬೇಕು, ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತಲಿನ 100 ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಿರಬಹುದು. ಪರವಾನಗಿಯ ಪ್ರತಿಯನ್ನು ಆಯೋಜಕರಿಂದ ಮೊದಲೇ ಕೇಳಿ ಪಡೆಯಿರಿ. ಹಾಡಿನ ಹಕ್ಕಿನ ವಿಚಾರದಲ್ಲಿ ಮದುವೆ ಮತ್ತು ಅದರ ಮೆರವಣಿಗೆಗೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟ ಕಾರ್ಯಕ್ರಮಕ್ಕೆ ಇಲ್ಲ, ಅಲ್ಲಿ ಪಿಪಿಎಲ್, ಐಪಿಆರ್‌ಎಸ್ (ಹಾಡಿನ ಹಕ್ಕುದಾರರ ಪರವಾಗಿ ಶುಲ್ಕ ಪಡೆಯುವ ಸಂಸ್ಥೆಗಳು) ಪರವಾನಗಿ ಆಯೋಜಕರು ತೆಗೆದಿರಬೇಕು.

ಕಿವಿಯ ಮಾತು ಇನ್ನೂ ಮುಖ್ಯ. ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ಲಿಗೆ ದಿನಕ್ಕೆ 8 ತಾಸು, 3 ಡೆಸಿಬಲ್ ಏರಿದಂತೆಲ್ಲ ಅವಧಿ ಅರ್ಧ; 100 ಡೆಸಿಬಲ್ಲಿಗೆ 15 ನಿಮಿಷ ಮಾತ್ರ. ಬೇಸ್ ಬಾಕ್ಸಿನ ಮುಂದೆ ಅಷ್ಟು ಹೊತ್ತು ನಿಲ್ಲದವರು ಯಾರು? ಇಯರ್‌ಪ್ಲಗ್ ಹಾಕಿ, ಚಿಕ್ಕ ಮಕ್ಕಳನ್ನು ಬಾಕ್ಸಿನಿಂದ ದೂರ ಕರೆದೊಯ್ಯಿರಿ. ಕಾರ್ಯಕ್ರಮದ ನಂತರ ಕಿವಿಯಲ್ಲಿ ಕುಂಯ್ ಎಂದರೆ ಆ ರಾತ್ರಿ ಮಿತಿ ಮೀರಿದೆ ಎಂದೇ ತಿಳಿಯಿರಿ. ಹೋದ ಕಿವಿ ಮರಳುವುದಿಲ್ಲ.

ಹೊರಗೆ ಬಿಡುವಾಗ

ಬೇರೆಯವರ ಸಿನಿಮಾ ಹಾಡಿನ ರಿಮಿಕ್ಸ್ ಹಾಕಿದರೆ ಯೂಟ್ಯೂಬ್ ಹಿಡಿಯುತ್ತದೆ, ಗಳಿಕೆ ಮೂಲದವರಿಗೆ ಹೋಗುತ್ತದೆ ಅಥವಾ ಹಾಡೇ ತೆಗೆಯಲ್ಪಡುತ್ತದೆ. ಜಾನಪದದಲ್ಲೂ ಎಚ್ಚರ ಬೇಕು: ಪದ ಎಲ್ಲರದು, ಆದರೆ ಒಬ್ಬರು ಹಾಡಿದ ರೆಕಾರ್ಡಿಂಗ್ ಎಲ್ಲರದಲ್ಲ. ಭಾರತದಲ್ಲಿ ಬರೆದವರ ಹಕ್ಕು ಅವರ ಕಾಲಾನಂತರ 60 ವರ್ಷ. 1889ರಲ್ಲಿ ತೀರಿಕೊಂಡ ಶಿಶುನಾಳ ಷರೀಫರ ತತ್ವಪದಗಳನ್ನು ಯಾರಾದರೂ ಹಾಡಿಸಬಹುದು, ಆದರೆ ಇತ್ತೀಚಿನವರು ಹಾಕಿದ ಧಾಟಿಯನ್ನು ಕೇಳದೆ ಎತ್ತಿಕೊಳ್ಳುವಂತಿಲ್ಲ. ಹೊಸ ಧಾಟಿ ಹಾಕಿ, ಊರಿನ ಗಾಯಕರಿಂದ ಹಾಡಿಸಿ, ಯಾರಿಗೆ ಎಷ್ಟು ಪಾಲು ಎಂದು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಮಾಡಿ.

ಒಂದು ಹಾಡಿಗೆ ಎರಡು ರೂಪ ಮಾಡಿ. ಕೇಳುವವರಿಗೆ ಮೂರು ನಿಮಿಷದ್ದು. ಡಿಜೆಗಳಿಗೆ, ಶುರುವಿಗೆ 16 ಅಥವಾ 32 ಬಾರ್, ಕೊನೆಗೂ ಅಷ್ಟೇ ಬಾರ್ ಬರೀ ಡ್ರಮ್ ಇರುವ ಉದ್ದನೆಯದು. ಫೈಲಿನ ಹೆಸರಿನಲ್ಲೇ ಹಾಡು, ನಿಮ್ಮ ಹೆಸರು, ಬಿಪಿಎಂ, ಕೀ ಬರೆಯಿರಿ. ಪ್ರತಿ ವಾದ್ಯವನ್ನೂ ಬೇರೆಬೇರೆ ವೇವ್ ಫೈಲಾಗಿ, ಎಲ್ಲವೂ ಒಂದನೇ ಬಾರಿನಿಂದ ಶುರುವಾಗುವಂತೆ ತೆಗೆದು, ಲ್ಯಾಪ್‌ಟಾಪಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು ಪ್ರತಿ ಇಡಿ. ನಾಲ್ಕು ವರ್ಷದ ಮೇಲೆ ಸಾಫ್ಟ್‌ವೇರ್ ಬದಲಾಗಿ ಹಳೆಯ ಪ್ರಾಜೆಕ್ಟ್ ತೆರೆಯದೆ ಹೋದರೂ ಆ ಫೈಲುಗಳು ಎಲ್ಲಿ ಬೇಕಾದರೂ ತೆರೆಯುತ್ತವೆ.